ಹಾರ್ಟನ್ ತೋಟದ ವಿಳಾಸಕ್ಕೆ

ಹಾರ್ಟನ್ ಹೌಸ್ ತೋಟ, ವೆರಿಬೀ, ಮೆಲ್ಬರ್ನ್
೧೨ ಮಾರ್ಚ್ ೨೦೨೫

ಪಲ್ಲವಿ,

ಈ ಕಾಗದ ನಿನಗ ಮುಟ್ಟತೈತೋ ಇಲ್ಲೋ ಗೊತ್ತಿಲ್ಲ. ನಿನ್ನ ಮನಿ ವಿಳಾಸ ನನ್ನ ಕಡಿ ಇಲ್ಲ. ಸಿಡ್ನಿ ಚಾಟ್ಸ್‌ವುಡ್‌ದಾಗ ನಿನ್ನ ಆಫೀಸ್ ಇರೋ ಬಿಲ್ಡಿಂಗ್ ಹೆಸರು ಅಷ್ಟ ನೆನಪೈತಿ. ಅದನ್ನ ಬರದು ಹಾಕಾಕತ್ತೀನಿ. ಇದನ್ನ ಬಿಚ್ಚಿ ಓದಾಕಿ ನೀನ ಆಗಿರು.

ಮೊದಲ ಒಂದು ಮಾತು. ನನಗ ಫೋನ್ ಮಾಡಬ್ಯಾಡ. ವಾಟ್ಸಾಪ್, ಇಮೇಲ್, ಯಾವುದೂ ಬ್ಯಾಡ. ನನ್ನ ಫೋನಿಗೆ ಬಂದದ್ದೆಲ್ಲಾ ಅಮೃತ್ ಫೋನಿಗೂ ಬರತೈತಿ, ಗಂಡ ಹೆಂಡತಿ ನಡುವ ಗುಟ್ಟು ಯಾಕ ಅಂತಾನ. ಮನಿ ಬಾಗಿಲಿಗೆ ಕ್ಯಾಮೆರಾ ಐತಿ, ಲೆಟರ್‌ಬಾಕ್ಸ್ ಅದರ ಎದುರಿಗೇ. ಹಿಂಗಾಗಿ ಪೆನ್ನು ಹಿಡದೀನಿ. ಹುಬ್ಬಳ್ಳಿ ಹಾಸ್ಟೆಲ್‌ನ್ಯಾಗ ರಜೆ ಬಿಟ್ಟಾಗ ಬರೀತಿದ್ವಲ್ಲ, ಅದಾದ ಮ್ಯಾಲ ಇದ ಮೊದಲು.

ಈ ತೋಟದ ಬಗ್ಗೆ ಹೇಳಬೇಕು. ಕುರಿ ಸಾಕಿ ಸಾಹುಕಾರ ಆದ ಇಂಗ್ಲಿಷ್ ಮನೆತನ ಒಂದು ತಮ್ಮೂರಿನ ಬಂಗಲೆ ಹೆಂಗಿತ್ತೋ ಹಂಗ ಇಲ್ಲೆ ಕಟ್ಟಿಸಿತಂತ. ಕಲ್ಲಿನ ಗೋಪುರ, ಗಾಜಿನ ಮನಿ, ಕೆರಿ, ಕತ್ತರಿಸಿದ ಬೇಲಿ ನಡುವ ಗುಲಾಬಿ. ಈಗ ಯಾರು ಬೇಕಾದ್ರೂ ಬಂದು ಅಡ್ಡ್ಯಾಡಬಹುದು. ನಮ್ಮ ಕನ್ನಡ ಸಂಘದ ನೀಲಕ್ಕ ಇಲ್ಲೆ ವಾಲಂಟಿಯರ್. "ಹುಡುಗಿ ಮನ್ಯಾಗ ಕೂತು ಸೊರಗ್ಯಾಳ, ಬುಧವಾರ ನನ್ನ ಕೂಡ ಕಳಸು" ಅಂತ ಎಲ್ಲಾರ ಮುಂದ ಅಮೃತ್‌ಗ ಹೇಳಿದ್ರು. ನಾಕು ಮಂದಿ ಎದುರಿಗೆ ಅವ ಯಾವತ್ತೂ ಇಲ್ಲ ಅನ್ನಾಂವಲ್ಲ. ಹಂಗಾಗಿ ಮಗಳು ಅನನ್ಯಾನ್ನ ಕಿಂಡರ್ ಸಾಲಿಗೆ ಬಿಟ್ಟು ಬರ್ತೀನಿ. ಅವನ ಫೋನಿನ ನಕ್ಷೆದಾಗ ನನ್ನ ಫೋನಿನ ಚುಕ್ಕಿ ತೋಟದಾಗ ನಿಂತಿರತೈತಿ, ಅವಗ ಸಮಾಧಾನ.

ಇಲ್ಲೆ ಗಿಡ ಮಾರೋ ಶೆಡ್ ನೋಡ್ಕೊಳ್ಳಾಕಿ ಜೋನ್ ಅಂತ, ವಯಸ್ಸಾದಾಕಿ. ಆಕಿ ಹೆಸರಿಗೆ ಬರದ್ರ ನನಗ ಕೊಡ್ತಾಳ. ಒಂದ ಸಾಲು ಬರಿ ಸಾಕು. ಓದಿ ಸಿಟ್ಟು ಬಂದ್ರ ಅದನ್ನ ಬರಿ.

ರಾಣಿ


ಚಾಟ್ಸ್‌ವುಡ್
೧೯ ಮಾರ್ಚ್ ೨೦೨೫

ರಾಣಿ,

ಕವರ್ ಮೇಲೆ ನಿನ್ನ ಅಕ್ಷರ ನೋಡಿದ ತಕ್ಷಣ ಹರಿದು ಬಿಸಾಕೋಣ ಅನ್ನಿಸ್ತು. ನಿಜ ಹೇಳ್ತಿದೀನಿ. ಲಂಚ್ ಟೈಮಲ್ಲಿ ಸ್ಟೇಷನ್ ಹತ್ರ ಬೆಂಚ್ ಮೇಲೆ ಕೂತು ಓದಿದೆ. ಆಮೇಲೆ ಆಫೀಸಿಗೆ ವಾಪಸ್ ಹೋಗೋಕೆ ಆಗಲಿಲ್ಲ.

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡ್ರು. ಮೈಸೂರಿಂದ ವಾಪಸ್ ಬಂದ ವಾರ ನಿಂಗೆ ಮೆಸೇಜ್ ಮಾಡಿದ್ದೆ. ನೀನು ಏನು ರಿಪ್ಲೈ ಮಾಡಿದೆ ಗೊತ್ತಾ? "ನಿನ್ನ ದುಃಖ ತಂದು ನನ್ನ ಮನೇಲಿ ಸುರೀಬೇಡ. ನಿಂಗೆ ಸಂಸಾರ ಇಲ್ಲ ಅಂತ ನಂದನ್ನ ನೋಡಿ ಹೊಟ್ಟೆ ಉರಿ. ಇನ್ಮೇಲೆ ಕಾಂಟ್ಯಾಕ್ಟ್ ಮಾಡ್ಬೇಡ." ಇಪ್ಪತ್ತು ಸಲ ಓದಿದೆ. ಆಮೇಲೆ ನಿನ್ನ ನಂಬರ್ ಡಿಲೀಟ್ ಮಾಡಿದೆ.

ಆದ್ರೆ ಈಗ ನಿನ್ನ ಕಾಗದ ಓದಿದ ಮೇಲೆ ಒಂದು ಯೋಚನೆ ಬಂತು. ನೀನು "ಮನೇಲಿ" ಅಂತ ಯಾವತ್ತು ಬರೆದಿದೀಯ? ನೀನು "ಮನ್ಯಾಗ" ಅಂತೀಯ. ಮೆಸೇಜಲ್ಲೂ ಹಾಗೇ ಬರೀತಿದ್ದೆ. ಅದಕ್ಕೇ ಹಾಸ್ಟೆಲಲ್ಲಿ ಎಲ್ಲರೂ ನಿನ್ನ ರೇಗಿಸ್ತಿದ್ದಿದ್ದು.

ಅದನ್ನ ಬರೆದಿದ್ದು ನೀನಾ?

ಪಲ್ಲವಿ


ಹಾರ್ಟನ್ ಹೌಸ್ ತೋಟ
೨ ಏಪ್ರಿಲ್ ೨೦೨೫

ಪಲ್ಲವಿ,

ಅವ್ವಾರು ಹೋದದ್ದು ನನಗ ಗೊತ್ತ ಇಲ್ಲ. ಶೆಡ್‌ನ್ಯಾಗ ಮಣ್ಣಿನ ಚೀಲದ ಮ್ಯಾಲ ಕೂತು ಓದಿದೆ. ಜೋನ್ ಬಂದು ನೋಡಿ ಬಾಗಿಲಾ ಮುಂದ ಮಾಡಿ ಹೋದಳು. ಹಾಸ್ಟೆಲ್‌ಗೆ ಬಂದಾಗೆಲ್ಲಾ ನನಗಂತ ಬ್ಯಾರೆ ಡಬ್ಬಿ ತರ್ತಿದ್ದ ಅವ್ವಾರು. ನಾ ಹಂಗ ಬರೀತೀನೇನ? 'ಮನೇಲಿ' ಅನ್ನಾಂವ ಅಮೃತ್, ಅವನ ಮಾತು ನಾ ನನ್ನ ರೀತಿ ಬರೀತೀನಿ ಅಷ್ಟ.

ನನ್ನ ಫೋನಿಗೂ ನಿನ್ನ ಹೆಸರಿಲೆ ಬಂದಿತ್ತು. "ಅಮೃತ್ ಅಂಥ ಗಂಡನ್ನ ನೀನು ಪಡೀಬಾರದಿತ್ತು, ನಿಂಗೆ ಯೋಗ್ಯತೆ ಇಲ್ಲ" ಅಂತ. ಅವನ ತಂದು ತೋರಿಸಿದ. ಆಮ್ಯಾಲ ನನ್ನ ತಲಿ ಸವರಿ, "ಬಿಡು, ನಾ ಅದೀನಲ್ಲ" ಅಂದ.

ಅಂದ್ರ ಧಾರವಾಡಕ್ಕ ಅಪ್ಪಾಗ ನನ್ನ ಹೆಸರಿಲೆ ಏನೇನು ಹೋಗಿರಬೇಕು? ಅಪ್ಪಾ ಈಗೀಗ ನನ್ನ ಕೂಡ ಮಾತಾಡೂಮುಂದ ಹೊರಗಿನವರ ಕೂಡ ಮಾತಾಡಿದಂಗ ಮಾತಾಡ್ತಾರ.

ನೀ ಕೇಳ್ತಿ, ಹೊಡೀತಾನೇನು ಅಂತ. ಇಲ್ಲ. ಒಂದ ಸಲಾನೂ ಕೈ ಎತ್ತಿಲ್ಲ. ದನಿ ಸೈತ ಏರಸೂದಿಲ್ಲ. ಸಿಟ್ಟು ಬಂದ್ರ ಅನನ್ಯಾನ್ನ ಎತ್ತಿಕೊಂಡು ಗಾಡ್ಯಾಗ ಕೂಡಿಸಿ ಹೋಗಿಬಿಡ್ತಾನ. ಎಲ್ಲಿಗೆ ಅಂತ ಹೇಳೂದಿಲ್ಲ, ಫೋನ್ ಎತ್ತೂದಿಲ್ಲ. ನಾ ಕಿಡಕ್ಯಾಗ ನಿಂತು ಫ್ರೀವೇ ಕಡಿಂದ ಬರೋ ಗಾಡಿ ನೋಡ್ಕೋತ ಇರ್ತೀನಿ. ತಿರುಗಿ ಬಂದು, "ನೋಡು, ನೀ ಸುಮ್ನ ಇದ್ದರ ಆಕಿ ತಿರುಗಿ ಬರ್ತಾಳ" ಅಂತಾನ. ನಕ್ಕೋತನ ಅಂತಾನ. ಇದನ್ನ ಯಾರ ಮುಂದ ಹೇಳ್ಲಿ? ಮಗಳನ್ನ ಅಡ್ಡ್ಯಾಡಸಾಕ ಕರಕೊಂಡು ಹೋದ ಅಂತ ಯಾರರ ತಪ್ಪು ತಗೀತಾರೇನು?

ತೊಡಿ ಮ್ಯಾಲ ಹಾಳಿ ಇಟ್ಟು ಬರಿಯಾಕತ್ತೀನಿ, ಅಕ್ಷರ ನೋಡಿ ನಗಬ್ಯಾಡ.

ನಿನ್ನ
ರಾಣಿ


ಚಾಟ್ಸ್‌ವುಡ್
೧೧ ಏಪ್ರಿಲ್ ೨೦೨೫

ರಾಣಿ,

ನಗೋದಾ? ಮೂರು ದಿನದಿಂದ ನಿದ್ದೆ ಇಲ್ಲ ನಂಗೆ.

ಇಂಥದ್ದಕ್ಕೇ ಅಂತ ಒಂದು ಹೆಲ್ಪ್‌ಲೈನ್ ಇದೆ, ನನ್ನ ಫೋನಿಂದ ಮಾತಾಡಿದೆ. ನಿನ್ನ ಹೆಸರು ಹೇಳಿಲ್ಲ. ಹೊಡೆಯೋದೇ ಇಲ್ಲ ಅಂದೆ. ಆಕೆ "ಅವರಿಗೆ ಭಯ ಆಗ್ತಿದೆಯಾ?" ಅಂತ ಕೇಳಿದ್ರು. ಹೌದು ಅಂದೆ. "ಅಷ್ಟು ಸಾಕು, ಅದನ್ನೇ ಹೇಳಿಕೊಂಡು ಬರಲಿ" ಅಂದ್ರು. ನಿಂಗೂ ಅನನ್ಯಾಗೂ ಇರೋಕೆ ಜಾಗ ಕೊಡ್ತಾರಂತೆ. ಎಲ್ಲಿ ಅಂತ ನನಗೂ ಹೇಳಲ್ಲ. ನನ್ನ ಮನೆ ಬೇಡವಂತೆ. ಅವನು ಮೊದಲು ಹುಡುಕೋದೇ ಇಲ್ಲಿ.

ಒಂದು ಬುಧವಾರ ಅನನ್ಯಾನ ಕಿಂಡರ್‌ಗೆ ಕಳಿಸ್ಬೇಡ, ಜೊತೆಗೇ ಕರ್ಕೊಂಡು ತೋಟಕ್ಕೆ ಬಾ. ನಾನು ಸಿಡ್ನಿಯಿಂದ ಫ್ಲೈಟಲ್ಲಿ ಬಂದು ಕಾರ್ ಬಾಡಿಗೆಗೆ ತಗೊಂಡು ಗೇಟಲ್ಲಿ ನಿಂತಿರ್ತೀನಿ. ನೀನು ದಿನ ಹೇಳು ಅಷ್ಟೇ.

ಪಲ್ಲವಿ


ಹಾರ್ಟನ್ ಹೌಸ್ ತೋಟ
೭ ಮೇ ೨೦೨೫

ಪಲ್ಲವಿ,

ಬರಬ್ಯಾಡ. ಸದ್ಯಕ್ಕ ಬರಿಯೂದೂ ಬ್ಯಾಡ.

ಮೊನ್ನಿ ರವಿವಾರ ಅಮೃತ್, "ನಡೀರಿ, ನಿಮ್ಮವ್ವನ ತೋಟ ನೋಡೂಣು" ಅಂತ ಅನನ್ಯಾಗ ಹೇಳಿ ಗಾಡಿ ತಗದ. ಬಂದಾವನ ಜೋನ್ ಕೈ ಕುಲುಕಿದ. ಎಷ್ಟ ಛಲೋ ಮಾತಾಡಿದ ಅಂದ್ರ, ನಾ ಹೊರಗಿನಾಕಿ ಆಗಿದ್ರ ನನಗೂ ಸೇರ್ತಿದ್ದ.

ಬಂಗಲೆ ಮುಂದಿನ ಹುಲ್ಲಿನ ಕೊನಿಗೆ ಒಂದು ತಗ್ಗಿನ ಗೋಡಿ ಐತಿ. ಮನಿ ಕಡಿಂದ ನೋಡಿದ್ರ ಹುಲ್ಲು ಹಂಗ ಬಯಲಿನ ತನಕಾ ಹೋದಂಗ ಕಾಣತೈತಿ. ಹತ್ರ ಹೋದ್ರ ಆಳದ ಕಾಲುವಿ, ಕೆಳಗ ಕಲ್ಲು. ಕುರಿ ತೋಟದೊಳಗ ಬರಬಾರದು, ಬೇಲಿನೂ ಕಾಣಬಾರದು ಅಂತ ಆ ಸಾಹೇಬರು ಮಾಡಿಸಿದ್ದಂತ. ಜೋನ್ ಇದನ್ನ ಹೇಳಾಕತ್ತಾಗ ಅಮೃತ್ ಅನನ್ಯಾನ್ನ ಹೆಗಲ ಮ್ಯಾಲ ಕೂಡಿಸಿಕೊಂಡು ಅದರ ಅಂಚಿಗೆ ಹೋಗಿ ನಿಂತ. ಬೂಟಿನ ತುದಿ ಹೊರಗಿತ್ತು. ನನ್ನ ಕಡಿ ತಿರುಗಿ ಕನ್ನಡದಾಗ, "ಯಾಕ, ಬೀಳಸ್ತೀನಿ ಅಂತ ಹೆದರಿದೇನು?" ಅಂದ. ಅನನ್ಯಾ "Higher, Papa!" ಅಂತ ನಗಾಕತ್ತಿದ್ದಳು.

ಆಮ್ಯಾಲ ನಾ ಕೂಡೋ ಬೆಂಚು ಯಾವುದು ಅಂತ ಕೇಳಿದ. ಅದರ ಮ್ಯಾಲ ಕೂತ. ಜೋನ್‌ಗ ಇಂಗ್ಲಿಷಿನ್ಯಾಗ, "ಬುಧವಾರ ನನ್ನ ಹೆಂಡತಿ ಬೆರಳಿಗೆ ಶಾಯಿ ಹಚ್ಚಿಕೊಂಡು ಬರ್ತಾಳ. ಇಲ್ಲೆ ಏನು ಬರೀತಾಳ?" ಅಂದ. ನಾ ಕೈ ಹಿಂದ ಮಾಡಿಕೊಂಡೆ. ಜೋನ್ ಮಾತ್ರ ರೆಪ್ಪಿ ಬಡಿಯದ, "ನಮ್ಮ ಗಿಡದ ಬುಡಕ್ಕ ಚುಚ್ಚೋ ಹೆಸರಿನ ಪಟ್ಟಿ ಎಲ್ಲಾ ಆಕೀನ ಬರಿಯೂದು" ಅಂತ ಹೇಳಿಬಿಟ್ಟಳು. ಅವ ಭಾಳ ಖುಷಿ ಆದವರಂಗ ಒಂದು ಗಿಡದ ಮುಂದ ಬಗ್ಗಿ ಆ ಪಟ್ಟಿ ಫೋಟೋ ತಕ್ಕೊಂಡ.

ಮನಿಗೆ ಬಂದ ಮ್ಯಾಲ ನನ್ನ ಮುಂದ ಹಾಳಿ ಇಟ್ಟ. "ಲ್ಯಾವೆಂಡರ್ ಅಂತ ಬರದು ತೋರ್ಸು." ಬರದೆ. ಫೋಟೋ ಬಾಜೂಕ ಇಟ್ಟು ನೋಡಿದ. ಆ ಪಟ್ಟಿ ಬರದಾಕಿ ಜೋನ್, ನಾ ಅಲ್ಲ. ಅವಗ ಅದು ತಿಳೀತು ಪಲ್ಲವಿ. ಹಾಳಿ ಮಡಚಿ ಕಿಸೆದಾಗ ಇಟ್ಟುಕೊಂಡು, "ಊಟಕ್ಕ ಏನು ಮಾಡೀ?" ಅಂದ.

ಇವತ್ತು ಹೆಂಗ ಕಳಿಸ್ಯಾನೋ ತಿಳೀವಲ್ದು. ಬೇಲಿ ಆಚೆ ಯಾರದರ ಹೆಜ್ಜಿ ಕೇಳಿದ್ರ ಪೆನ್ನು ನಿಲ್ಲತೈತಿ. ಹೇಳಲೇಬೇಕು ಅನ್ನೂದು ಏನರ ಇದ್ರ ಜೋನ್ ಮನಿಗೆ ಬರಿ, ವಿಳಾಸ ಹಿಂದ ಬರದೀನಿ. ಇಲ್ಲಂದ್ರ ಬ್ಯಾಡ.

ರಾಣಿ


ಚಾಟ್ಸ್‌ವುಡ್
೩೦ ಜೂನ್ ೨೦೨೫

ರಾಣಿ,

ಹೇಳಲೇಬೇಕಾದ್ದು ಇದೆ, ಅದಕ್ಕೇ ಬರೀತಿದೀನಿ.

ನೀನು ಮೇ ತಿಂಗಳಿಂದ ತೋಟಕ್ಕೆ ಬಂದೇ ಇಲ್ಲ ಅಂತ ಜೋನ್, ನಾನು ಬರೆದು ಕಳಿಸಿದ್ದ ನಂಬರಿಗೆ ಫೋನ್ ಮಾಡಿ ಹೇಳಿದ್ರು. ನೀಲಕ್ಕ ಅನ್ನೋರು ಕೇಳಿದ್ರೆ "ಸಂಧ್ಯಾಗೆ ಬೆನ್ನು ನೋವು" ಅಂದನಂತೆ ಅಮೃತ್, ಅವನಿಗೆ ನೀನು ಈಗ್ಲೂ ಸಂಧ್ಯಾನೇ.

ಕಳೆದ ಗುರುವಾರ ನಾನು ಮೀಟಿಂಗಲ್ಲಿದ್ದೆ. ವಾಪಸ್ ಬಂದಾಗ ರಿಸೆಪ್ಷನ್ ಹುಡುಗಿ ಒಂದು ಡಬ್ಬ ಕೊಟ್ಟಳು. "ನಿಮ್ಮ ಊರಿನ ಫ್ರೆಂಡ್ ಬಂದಿದ್ರು, ತುಂಬಾ ಒಳ್ಳೆಯವರು. ಇಲ್ಲಿಗೆ ಕೆಲಸದ ಮೇಲೆ ಬಂದಿದ್ರಂತೆ, ಹೆಸರು ಹೇಳೋದು ಬೇಡ, ಸರ್‌ಪ್ರೈಸ್ ಅಂದ್ರು" ಅಂತ. ಒಳಗೆ ಧಾರವಾಡ ಪೇಡಾ ಇತ್ತು.

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ನಿಂತೆ. ಅವನು ಲಿಫ್ಟ್ ಹತ್ರನೇ ಇದಾನೇನೋ ಅನ್ನಿಸ್ತು. ಒಂದು ಡಬ್ಬ ಪೇಡಾ ನೋಡಿ ನಂಗೆ ಹೀಗಾದ್ರೆ, ದಿನಾ ಅವನ ಎದುರು ಊಟಕ್ಕೆ ಕೂರೋಳು ನೀನು.

ಪೊಲೀಸರಿಗೆ ಹೇಳ್ಲಾ? ನೀನು ಹೂಂ ಅನ್ನದೆ ಹೇಳಲ್ಲ. ಆದ್ರೆ ನೀನು ಹೂಂ ಅನ್ನೋಕೂ ಆಗದ ಜಾಗದಲ್ಲಿದ್ರೆ ನಾನೇನು ಮಾಡ್ಲಿ?

ಪಲ್ಲವಿ


ವೆರಿಬೀ
೨೦ ಆಗಸ್ಟ್ ೨೦೨೫

ಪಲ್ಲವಿ,

ಜೀವಂತ ಅದೀನಿ. ಗಡಿಬಿಡಿಲೇ ಬರಿಯಾಕತ್ತೀನಿ. ಸಂಘದ ಪಿಕ್‌ನಿಕ್ ಈ ಸಲ ತೋಟದಾಗ ಐತಿ, ಜಾಗಾ ನೋಡಾಕಂತ ನೀಲಕ್ಕ ಮನಿಗೇ ಬಂದು ಕರಕೊಂಡು ಬಂದಾರ.

ಅವ ಸಿಡ್ನಿಯಿಂದ ಬಂದ ದಿನ ನನ್ನ ತಾಟಿನ್ಯಾಗ ಒಂದು ಪೇಡಾ ಇಟ್ಟ. "ಪಲ್ಲವಿಗೂ ಬಾಯಿ ಸಿಹಿ ಮಾಡಿ ಬಂದೀನಿ" ಅಂದ. ನಾ ತಿಂದೆ. ಅವ ನೋಡ್ಕೋತ ಕೂತಿದ್ದ, ಹಿಂಗಾಗಿ ಪೂರ್ತಿ ತಿಂದೆ.

ಈಗ ಹೊಸಾದು. ಸೆಪ್ಟೆಂಬರ್ ಕೊನಿಗೆ ಊರಿಗೆ ಹೋಗೂದಂತ. ಅಪ್ಪಾನ್ನ ನೋಡಬಹುದು ಅಂತ ಖುಷಿಪಟ್ಟಿದ್ದೆ. ಮೊನ್ನಿ ಅನನ್ಯಾಗ ಜಳಕಾ ಮಾಡ್ಸಾಕತ್ತಿದ್ದೆ. ಆಟಗಿ ಬಾತುಕೋಳಿ ನೀರಾಗ ಮುಳಗಿಸಿಕೋತ, "Papa and me are coming back for school. You are staying with Ajja. It's a secret, okay?" ಅಂದಳು. ನಾ "ಹೂಂ, ಆತು" ಅಂದು ಆಕಿ ತಲಿಗೆ ನೀರು ಹಾಕಿದೆ. ನನ್ನ ವೀಸಾ ಅವನ ಕೈಯಾಗ ಐತಿ. ಅಲ್ಲೆ ಬಿಟ್ಟು ಬಂದ್ರ ನಾ ಈ ದೇಶಕ್ಕ ಕಾಲಿಡೂದ ಆಗೂದಿಲ್ಲ. ಮಗಳು ಇಲ್ಲೆ, ನಾ ಅಲ್ಲೆ.

ಅವ ಪಿಕ್‌ನಿಕ್‌ಗೆ ಬರ್ತಾನ. ಈಗ ಕಿಂಡರ್‌ಗೂ ಅವನ ಒಯ್ತಾನ, ಬ್ಯಾರೆ ದಿನಾ ನಮ್ಮಿಬ್ಬರನ್ನೂ ಕೂಡೇ ಹೊರಗ ಬಿಡೂದಿಲ್ಲ. ಸೆಪ್ಟೆಂಬರ್ ಹದಿನಾಕು, ರವಿವಾರ. ಊಟ ಆಗಿ ಆಟ ಚಾಲೂ ಆದ ಮ್ಯಾಲ ಅನನ್ಯಾನ್ನ ಟಾಯ್ಲೆಟ್‌ಗೆ ಕರಕೊಂಡು ಹೋಗ್ತೀನಿ ಅಂತ ಎದ್ದು, ಗಾಜಿನ ಮನಿ ಹಿಂದಿಂದ ಹೊಳಿ ಕಡಿ ಗೇಟಿಗೆ ಬರ್ತೀನಿ. ನೀ ಗಾಡಿ ಬಿಟ್ಟು ಇಳೀಬ್ಯಾಡ. ಆ ಹೆಲ್ಪ್‌ಲೈನ್ ಅಕ್ಕಾರಿಗೆ ಹೇಳಿಡು. ಜೋನ್‌ಗ ಎಲ್ಲಾ ಗೊತ್ತೈತಿ. ನೀಲಕ್ಕಗ ಹೇಳಿಲ್ಲ. ಅವರು ಅಮೃತ್‌ನ್ನ ಮಗಾ ಅಂತ ಕರೀತಾರ.

ಇಷ್ಟ ಸಾಕು ಪಲ್ಲವಿ, ನೀಲಕ್ಕ ಕರಿಯಾಕತ್ತಾರ.

ರಾಣಿ


ಮೆಲ್ಬರ್ನ್, ಏರ್‌ಪೋರ್ಟ್ ಹತ್ರದ ಹೋಟೆಲ್
೧೫ ಸೆಪ್ಟೆಂಬರ್ ೨೦೨೫

ರಾಣಿ,

ಇದನ್ನ ಜೋನ್ ಕೈಗೆ ಕೊಟ್ಟು ಹೋಗ್ತಿದೀನಿ. ಅವರು ಯಾರಿಗೋ ಕೊಡ್ತಾರಂತೆ, ಅವರು ನಿಂಗೆ ಕೊಡ್ತಾರಂತೆ.

ನಿನ್ನೆ ನಾನು ಗೇಟಲ್ಲೇ ಇದ್ದೆ. ಗಾಜಿನ ಮನೆ ಕಡೆಯಿಂದ ಯಾರೋ ಬರೋದು ಕಾಣಿಸ್ತು, ನೀನೇ ಅಂದ್ಕೊಂಡು ಇಂಜಿನ್ ಸ್ಟಾರ್ಟ್ ಮಾಡಿದೆ. ಬಂದಿದ್ದು ಅವನು. ಬಿಳಿ ಜುಬ್ಬ ಹಾಕ್ಕೊಂಡು, ಕೈ ಹಿಂದೆ ಕಟ್ಟಿಕೊಂಡು, ನಿಂತಿರೋ ಕಾರುಗಳನ್ನ ಒಂದೊಂದಾಗಿ ನೋಡ್ತಾ ಬಂದ. ನಾನು ಇಂಜಿನ್ ಆರಿಸಿ ಸೀಟಿಂದ ಕೆಳಗೆ ಜಾರಿ ಸ್ಟಿಯರಿಂಗ್ ಅಡಿ ಮುದುರಿಕೊಂಡೆ. ಅವನ ಚಪ್ಪಲಿ ಸದ್ದು ಕಾರಿನ ಪಕ್ಕಕ್ಕೇ ಬಂತು. ಬಾಯಿ ಮುಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಒಳಗಿಂದ ಮೈಕ್ ಸದ್ದು. ಹೆಂಗಸಿನ ದನಿ. ಮಾತು ತಿಳೀಲಿಲ್ಲ. ಅವನು ತಿರುಗಿ ಓಡಿದ.

ನಾನು ಒಳಗೆ ಬರೋ ಹೊತ್ತಿಗೆ ಪೊಲೀಸ್ ಕಾರ್ ಬಂದಿತ್ತು. ಅವನು ಎದೆ ಮೇಲೆ ಕೈ ಇಟ್ಕೊಂಡು ಅವರಿಗೆ ಏನೋ ವಿವರಿಸ್ತಿದ್ದ. ನೀನು ಎಲ್ಲೂ ಇರಲಿಲ್ಲ. ಆ ಕಾಲುವೆ ನೆನಪಾಗಿ ಓಡಿ ಹೋಗಿ ಒಳಗೆ ಬಗ್ಗಿ ನೋಡಿದೆ. ಜೋನ್ ಬಂದು ಭುಜ ಹಿಡಿದು, ನೀನೂ ಅನನ್ಯಾನೂ ಹೊರಟು ಹೋಗಿದೀರ, ಕ್ಷೇಮವಾಗಿದೀರ ಅಂದ್ರು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ನಿನ್ನ ಅಕ್ಷರ ನೋಡೋವರೆಗೂ ನಾನು ನಂಬಲ್ಲ.

ಪಲ್ಲವಿ


ಊರು ಬರಿಯೂ ಹಂಗಿಲ್ಲ
೯ ಅಕ್ಟೋಬರ್ ೨೦೨೫

ಪಲ್ಲವಿ,

ಇವು ನನ್ನ ಅಕ್ಷರ. ನೋಡಿಕೋ.

ಆ ದಿನ ನಾ ಗಾಜಿನ ಮನಿ ತನಕಾ ಬಂದಿದ್ದೆ. ಅನನ್ಯಾ ಕೈ ಹಿಡಕೊಂಡು, ಫೋನನ್ನ ಬುತ್ತಿ ಬುಟ್ಟ್ಯಾಗ ರೊಟ್ಟಿ ಕೆಳಗ ಇಟ್ಟು. ತಿರುವು ದಾಟಿದ್ರ ಗೇಟು. ದಾಟೂದರಾಗ ಅವನ ಬೆನ್ನು ಕಾಣಿಸ್ತು. ನನಗಿಂತ ಮುಂದ ಅದಾನ. ಹೆಂಗ ಗೊತ್ತಾತು ಅಂತ ಇವತ್ತಿಗೂ ನನಗ ತಿಳಿದಿಲ್ಲ. ಅದ ನನ್ನ ಈಗೂ ಹೆದರಸೂದು.

ಮುಂದ ಅವ, ಹಿಂದ ಪಿಕ್‌ನಿಕ್. ಅನನ್ಯಾ "Amma, you're hurting my hand" ಅಂದಳು. ಕೈ ಸಡಿಲ ಬಿಟ್ಟೆ. ಆಮ್ಯಾಲ ಆಕೀನ್ನ ಎತ್ತಿಕೊಂಡು, ಬಂದ ದಾರೀಲೆ ತಿರುಗಿ ಹೊಂಟೆ. ಏನು ಮಾಡ್ತೀನಿ ಅಂತ ನನಗ ಗೊತ್ತಿರಲಿಲ್ಲ, ಖರೇ ಹೇಳ್ತೀನಿ. ಮಂದಿ ಇದ್ದಲ್ಲಿ ಹೋಗಬೇಕು, ಅಷ್ಟ. ಬಂಗಲೆ ಮೆಟ್ಟಿಲ ಮ್ಯಾಲ ಸಂಘದ ಹಿರಿಯಣ್ಣ, ನೀಲಕ್ಕನ ಯಜಮಾನ್ರು, ಮೈಕ್ ಹಿಡದು ಲಿಂಬೆಹಣ್ಣಿನ ಆಟಕ್ಕ ಹೆಸರು ಕರಿಯಾಕತ್ತಿದ್ರು. ಅವರ ಕೈಯಾಗಿನ ಮೈಕ್ ಕಸಗೊಂಡೆ.

"ನಾ ಸಂಧ್ಯಾರಾಣಿ. ನನ್ನ ಗಂಡನ್ನ ಕಂಡ್ರ ನನಗ ಹೆದರಿಕಿ ಐತಿ. ನಾ ಮಗಳನ್ನ ಕರಕೊಂಡು ಅವನ್ನ ಬಿಟ್ಟು ಹೊಂಟೀನಿ. ಯಾರರ ನನ್ನ ಕೂಡ ನಿಂದರ್ರಿ."

ಒಬ್ಬ ಅಂಕಲ್ ನಾಟಕ ಅಂತ ತಿಳಿದು ಚಪ್ಪಾಳಿ ತಟ್ಟಿದ್ರು. ಅಷ್ಟರಾಗ ಅಮೃತ್ ಓಡಿ ಬಂದ. ಹುಲ್ಲಿನ ಮ್ಯಾಲ ಕಾಲಿಟ್ಟ ಕೂಡಲೇ ಓಡೂದು ಬಿಟ್ಟು ನಡೀಲಿಕ್ಕೆ ಹತ್ತಿದ. ಮುಖದ ಮ್ಯಾಲ ಅದ ನಗಿ. "ಕ್ಷಮಿಸ್ರಿ, ಆಕಿಗೆ ಆರಾಮಿಲ್ಲ. ಔಷಧ ನಡದಾವ" ಅಂದ. ಪಲ್ಲವಿ, ಎಲ್ಲಾರ ಮಾರಿ ಮ್ಯಾಲ 'ಓ, ಹಂಗೇನು' ಅನ್ನೂದು ಬಂತು. ನಾ ನೋಡಿದೆ. ಹಿರಿಯಣ್ಣ ಮೈಕ್ ತಿರುಗಿ ತಗೊಂಡು ಸಣ್ಣ ದನಿಲೆ, "ತಂಗಿ, ಮನಿ ಮಾತು ಮನ್ಯಾಗ" ಅಂದ್ರು.

ಮುಗೀತು ಅಂದುಕೊಂಡೆ.

ನೀಲಕ್ಕ ಎದ್ದು ಬಂದ್ರು. ನನ್ನ ಬಗಲಾಗಿಂದ ಅನನ್ಯಾನ್ನ ತಗೊಂಡ್ರು. ಅಮೃತ್ ಕೈ ಚಾಚಿದ. ನೀಲಕ್ಕ ಒಂದು ಹೆಜ್ಜಿ ಹಿಂದ ಸರಿದು, "ಅಮೃತ್, ನೀ ಅಲ್ಲೇ ನಿಂದರು" ಅಂದ್ರು.

"ನೀಲಕ್ಕ, ನಿಮಗ ಗೊತ್ತಿಲ್ಲ..."

"ಹೌದಪಾ, ನನಗ ಗೊತ್ತಿಲ್ಲ. ಅದಕ್ಕ ನಿಂದರು ಅನ್ನಾಕತ್ತೀನಿ."

ಅವಾಗ ಅವನ ನಗಿ ಹೋತು. ನಾ ಮನ್ಯಾಗ ನೋಡೋ ಮುಖ ಅವತ್ತು ಎಲ್ಲಾರೂ ನೋಡಿದ್ರು. ಅವ ಒದರಲಿಲ್ಲ. ಮೆಲ್ಲಗ, "ಸಂಧ್ಯಾ, ಗಾಡ್ಯಾಗ ಕೂಡು" ಅಂದ. ನನ್ನ ಕಾಲು ತಾನಾಗೇ ಒಂದು ಹೆಜ್ಜಿ ಎತ್ತಿತು, ಪಲ್ಲವಿ. ಅಷ್ಟ ಮಂದಿ ನಡುವ, ಅಷ್ಟ ಮಾತು ಹೇಳಿದ ಮ್ಯಾಲೂ. ನೀಲಕ್ಕ ನನ್ನ ಸೆರಗು ಗಟ್ಟಿ ಹಿಡಕೊಂಡ್ರು. ಆಮ್ಯಾಲ ಒಬ್ಬೊಬ್ಬರ ಹೆಣ್ಮಕ್ಕಳು ತಾಟು ಕೆಳಗಿಟ್ಟು ಎದ್ದು ಬಂದು ನಮ್ಮ ಸುತ್ತ ನಿಂತ್ರು. ಕೆಲವರು ಬರಲಿಲ್ಲ. ಜೋನ್ ಪೊಲೀಸರಿಗೆ ಫೋನ್ ಮಾಡಿದ್ದಳು. ಬಂದವರು ನಮ್ಮನ್ನ ಮೊದಲ ಬ್ಯಾರೆ ಗಾಡ್ಯಾಗ ಕಳಿಸಿದ್ರು.

ಅವ ನಮ್ಮ ಹತ್ರ ಬರಬಾರದು ಅಂತ ಸದ್ಯಕ್ಕ ಆರ್ಡರ್ ಆಗೇತಿ. ಅನನ್ಯಾನ್ನ ದೇಶ ಬಿಟ್ಟು ಒಯ್ಯಾಕ ಬರೂದಿಲ್ಲ. ನವೆಂಬರ್‌ದಾಗ ಕೋರ್ಟ್. ನೀಲಕ್ಕ ಬರ್ತೀನಿ ಅಂದಾರ. ನಿನ್ನಿ, ಹೆಲ್ಪ್‌ಲೈನ್ ಅಕ್ಕಾರು ಕೊಟ್ಟ ಈ ಮನಿಯಿಂದ ಅಪ್ಪಾಗ ಫೋನ್ ಮಾಡಿಸಿದ್ರು. ನಡದದ್ದೆಲ್ಲಾ ಅಪ್ಪಾ ಕೇಳಿಸಿಕೊಂಡ್ರು. ಆಮ್ಯಾಲ "ಊಟ ಆತೇನವಾ?" ಅಂದ್ರು.

ಇಲ್ಲೆ ಬಾಜೂ ಖೋಲ್ಯಾಗ ನನ್ನಂಗ ಮನಿ ಬಿಟ್ಟು ಬಂದ ಒಬ್ಬಾಕಿ ಅದಾಳ. ಆಕಿ ಭಾಷಾ ನನಗ ತಿಳಿಯೂದಿಲ್ಲ, ನಂದು ಆಕಿಗೆ. ಇಷ್ಟ ದಿನಾ ಅಡಗಿಮನ್ಯಾಗ ಎದುರಾದ್ರ ತಲಿ ಬಗ್ಗಿಸಿ ಹೋಗ್ತಿದ್ವಿ. ಇವತ್ತು ಮುಂಜಾನೆ ಹೊರಗ ಬಾಗಿಲು ಬಡದ ಸಪ್ಪಳ, ಗಂಡಸಿನ ದನಿ, ಮೆಟ್ಟಿಲ ಮ್ಯಾಲ ಬೂಟು. ನಾ ಅನನ್ಯಾನ್ನ ಎಳಕೊಂಡು ಬಚ್ಚಲಮನ್ಯಾಗ ಸೇರಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮ್ಯಾಲ ಕೂತೆ. ಆಕಿ ಮೊದಲ ಅಲ್ಲೆ ಇದ್ದಳು, ಪರದೆ ಹಿಂದ, ತೊಟ್ಟಿಯೊಳಗ, ಕೈಯಾಗ ಒಂದು ಬಾಣಲಿ ಹಿಡಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ. ಹೊರಗ ವಾರ್ಡನ್, "ಬಲ್ಬ್ ಹಾಕಾಕ ಎಲೆಕ್ಟ್ರಿಷಿಯನ್ ಬಂದಾರ!" ಅಂತ ಇಂಗ್ಲಿಷಿನ್ಯಾಗ ಕೂಗಿ ಹೇಳಿದ್ರು.

ಮೊದಲ ಯಾರು ನಕ್ಕರೋ ಗೊತ್ತಿಲ್ಲ. ನಿಲ್ಲಸಾಕ ಆಗಲಿಲ್ಲ. ಅನನ್ಯಾ ನಮ್ಮಿಬ್ಬರನ್ನೂ ನೋಡಿ ತಾನೂ ನಕ್ಕಳು. ಆಕಿ ಆ ಬಾಣಲಿ ನನ್ನ ಕೈಗೆ ಕೊಟ್ಟು, ಏಳು ಅಂತ ಸನ್ನಿ ಮಾಡಿದಳು. ಅದರಾಗ ಉಪ್ಪಿಟ್ಟು ಮಾಡಿದೆ. ಮೂರೂ ಮಂದಿ ತಿಂದ್ವಿ.

ನಿನ್ನ
ರಾಣಿ